ಅಲ್ಸರ್ ವಾಸಿಯಾಯ್ತು, ಊಟದ ಭಯ ಹೋಗಿಲ್ಲ – ಥೆರಪಿ ತಗೊಂಡವರು ಇದ್ದೀರಾ?

ಬೆಣ್ಣೆದೋಸೆ ಬಿಟ್ಟವನು

ಎಲ್ಲರಿಗೂ ನಮಸ್ಕಾರ. ಊರು ಹರಿಹರ, ವಯಸ್ಸು ನಲವತ್ತರ ಹತ್ತಿರ, ಸೇಲ್ಸ್ ಕೆಲಸ. ಕಳೆದ ವರ್ಷ ಡಿಯೋಡಿನಲ್ ಅಲ್ಸರ್, ಅಂದರೆ ಸಣ್ಣ ಕರುಳಿನ ಶುರುವಿನಲ್ಲಿ ಹುಣ್ಣು, ಆಗಿತ್ತು. ಎಂಡೋಸ್ಕೋಪಿ ಮಾಡಿದರು, ಹುಣ್ಣು ಮಾಡುವ ಎಚ್. ಪೈಲೊರಿ ಬ್ಯಾಕ್ಟೀರಿಯಾ ಪಾಸಿಟಿವ್ ಬಂತು, ಅದನ್ನು ಕೊಲ್ಲುವ ಎರಡು ವಾರದ ಮಾತ್ರೆಗಳ ಕಿಟ್ ಕೊಟ್ಟರು. ಒಂದು ಹೊತ್ತೂ ತಪ್ಪಿಸದೆ ನುಂಗಿದೆ. ಆಮೇಲಿನ ಟೆಸ್ಟ್ ನೆಗೆಟಿವ್. ಹುಣ್ಣು ಮಾಯ್ದಿದೆ ಅಂತ ರಿಪೋರ್ಟೂ ಇದೆ.

ಆದರೆ ನನ್ನ ಪಾಡು ಮಾತ್ರ ಹಾಗೇ ಇದೆ. ಗಂಜಿ, ಮೊಸರನ್ನ, ಇಡ್ಲಿ ಬಿಟ್ಟರೆ ಬೇರೆ ಏನೂ ಬಾಯಿಗೆ ಹೋಗಲ್ಲ. ಮದುವೆ ಮನೆಗೆ ಹೋದರೆ ಊಟ ಆಯ್ತು ಅಂತ ಸುಳ್ಳು ಹೇಳಿ ಎದ್ದು ಬರುತ್ತೇನೆ. ಹೊಟ್ಟೆಯಲ್ಲಿ ಸ್ವಲ್ಪ ಗುಡುಗುಡು ಅಂದರೂ ಮತ್ತೆ ಶುರುವಾಯ್ತು ಅಂತ ಕೈಕಾಲು ತಣ್ಣಗಾಗುತ್ತದೆ. ಬೆಳಿಗ್ಗೆ ಎದ್ದು ಮಲ ಕಪ್ಪಗಿದೆಯಾ ಅಂತ ಟಾರ್ಚ್ ಹಾಕಿ ನೋಡುವ ಮಟ್ಟಕ್ಕೆ ಬಂದಿದ್ದೇನೆ, ನಗಬೇಡಿ. ತೂಕ ಇಳಿದಿದೆ. ಡಾಕ್ಟರು ಮತ್ತೆ ಎಲ್ಲ ಚೆಕ್ ಮಾಡಿ, ಹೊಟ್ಟೆ ಸರಿ ಇದೆ, ಒಬ್ಬ ಸೈಕಾಲಜಿಸ್ಟನ್ನು ನೋಡಿ ಅಂತ ಚೀಟಿ ಬರೆದುಕೊಟ್ಟರು.

ಅಲ್ಲಿ ಏನು ಮಾಡುತ್ತಾರೆ? ಹೊಟ್ಟೆಗೂ ಮಾತಿಗೂ ಏನು ಸಂಬಂಧ? ದುಡ್ಡು ಎಷ್ಟಾಗುತ್ತದೆ? ಮಾಡಿಸಿಕೊಂಡವರು ಹೇಳಿ.

ಮೈಸೂರು ಮಾತುಗಾರ

ಬೇಸರ ಮಾಡ್ಕೋಬೇಡಿ ಸರ್, ನೇರವಾಗಿ ಹೇಳುತ್ತೇನೆ. ಅಲ್ಸರ್ ಟೆನ್ಶನ್‌ನಿಂದ ಬರುತ್ತದೆ ಅನ್ನೋದು ಅಜ್ಜನ ಕಾಲದ ಮಾತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಅನ್ನೋ ಡಾಕ್ಟರು 1984ರಲ್ಲಿ ಆ ಬ್ಯಾಕ್ಟೀರಿಯಾ ಇದ್ದ ನೀರನ್ನು ತಾವೇ ಕುಡಿದು, ಅಲ್ಸರ್ ಬರಿಸಿಕೊಂಡು ತೋರಿಸಿದರು. ಅವರಿಗೂ ಜೊತೆಗಿದ್ದ ರಾಬಿನ್ ವಾರನ್‌ಗೂ 2005ರಲ್ಲಿ ನೊಬೆಲ್ ಬಂತು. ಕಥೆ ಮುಗೀತು. ಕಿಟ್ ತಗೊಂಡಿದ್ದೀರಿ, ಸೋಂಕು ಹೋಗಿದೆ, ಇನ್ನು ಥೆರಪಿ ಯಾಕೆ? ಗಟ್ಟಿ ಮನಸ್ಸು ಮಾಡಿ ಒಂದು ಮಸಾಲೆ ದೋಸೆ ತಿನ್ನಿ.

ಇನ್ನೊಂದು ವಿಷಯ. ನಮ್ಮೂರಿನ ಮಿಷನ್ ಆಸ್ಪತ್ರೆಯಲ್ಲಿ, ಅಂದರೆ ಹೋಲ್ಡ್ಸ್‌ವರ್ತ್ ಮೆಮೋರಿಯಲ್‌ನಲ್ಲಿ, ಹಿಂದೆ ಫ್ರಾಂಕ್ ಟೋವಿ ಅಂತ ಇಂಗ್ಲೆಂಡಿನ ಸರ್ಜನ್ ಇದ್ದರು. ದಕ್ಷಿಣದಲ್ಲಿ ಅನ್ನ ಉಣ್ಣುವ ಕಡೆ ಈ ಹುಣ್ಣು ಯಾಕೆ ಜಾಸ್ತಿ, ಗೋಧಿ ತಿನ್ನುವ ಉತ್ತರದಲ್ಲಿ ಯಾಕೆ ಕಡಿಮೆ ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡವರು. ಅವರು ನೋಡಿದ್ದು ತಟ್ಟೆಯನ್ನು, ತಲೆಯನ್ನಲ್ಲ.

ಮೆಡಿಕಲ್ ಅಂಗಡಿ ರಾಯರು

ಮಾತುಗಾರರೇ, ಮನಸ್ಸು ಗಟ್ಟಿ ಮಾಡಿ ಅನ್ನೋದು ಕೌಂಟರಿನ ಈಚೆ ನಿಂತವರಿಗೆ ಸುಲಭ.

ದಿನಾ ನೋಡುವುದನ್ನು ಹೇಳುತ್ತೇನೆ. ಪ್ಯಾಂಟೊಪ್ರಜೋಲ್ ಒಂದು ಸ್ಟ್ರಿಪ್ ಕೊಡಿ ಅಂತಾರೆ, ಅದರ ಜೊತೆಗೇ ಮೈಕೈ ನೋವಿಗೆ ಡೈಕ್ಲೋಫೆನಾಕ್ ಎರಡು ಕೊಡಿ ಅಂತಾರೆ. ಒಂದು ಹುಣ್ಣು ಮಾಯಿಸೋ ಮಾತ್ರೆ, ಇನ್ನೊಂದು ಹುಣ್ಣು ಮಾಡೋ ಮಾತ್ರೆ, ಒಂದೇ ಕವರಿನಲ್ಲಿ ಹಾಕಿಸಿಕೊಂಡು ಹೋಗುತ್ತಾರೆ. ಯಾಕೆ ನೋವು ಅಂದರೆ ನಿದ್ದೆ ಇಲ್ಲ, ತಲೆನೋವು, ಮನೆಯಲ್ಲಿ ಸಾಲದ ಗಲಾಟೆ, ಅಂಗಡಿ ನಡೆಯುತ್ತಿಲ್ಲ. ಮಧ್ಯೆ ಮಧ್ಯೆ ಬೀಡಿ. ಹುಣ್ಣು ಇರುವವರಿಗೆ ಬೀಡಿ ಸಿಗರೇಟು ಎರಡು ಕೆಲಸ ಮಾಡುತ್ತದೆ. ಮಾಯುವುದನ್ನು ತಡ ಮಾಡುತ್ತದೆ, ಮಾಯ್ದದ್ದನ್ನು ಮರಳಿಸುತ್ತದೆ. ಈಗ ಹೇಳಿ, ಇದರಲ್ಲಿ ಹೊಟ್ಟೆ ಎಲ್ಲಿ ಮುಗೀತು, ತಲೆ ಎಲ್ಲಿ ಶುರುವಾಯ್ತು?

ಕಿಟ್ ವಿಷಯ ಬೇರೆ. ನಾಲ್ಕು ದಿನ ನುಂಗಿ, ಬಾಯಿ ಕಹಿ ಅಂತ ಬಿಟ್ಟವರು ಎಷ್ಟೋ ಜನ. ಆಮೇಲೆ ಕಿಟ್ಟಿನಲ್ಲಿರುವ ಕ್ಲಾರಿತ್ರೋಮೈಸಿನ್ ಅನ್ನೋ ಆಂಟಿಬಯಾಟಿಕ್ ಕೆಲಸ ಮಾಡಲ್ಲ, ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಹೋಗಿರುತ್ತದೆ. ಮನಸ್ಸು ಕುಗ್ಗಿದವರು ಮಾತ್ರೆ ತಪ್ಪಿಸುವುದು ಜಾಸ್ತಿ, ಇದು ನಾನು ಕಣ್ಣಾರೆ ಕಂಡದ್ದು.

ಗ್ರಂಥಾಲಯದ ಮೂಲೆ

ಮಾತುಗಾರರ ಮಾತಿನಲ್ಲಿ ಒಂದು ತಿದ್ದುಪಡಿ. ಮಾರ್ಷಲ್ ಅವರಿಗೆ ಬಂದದ್ದು ಅಲ್ಸರ್ ಅಲ್ಲ, ಗ್ಯಾಸ್ಟ್ರೈಟಿಸ್, ಅಂದರೆ ಹೊಟ್ಟೆಯ ಒಳಪದರದ ಉರಿಯೂತ. ವಾಂತಿಯಾಯ್ತು, ಬಾಯಿ ವಾಸನೆ ಬಂತು, ಎಂಡೋಸ್ಕೋಪಿಯಲ್ಲಿ ಉರಿಯೂತ ಕಂಡಿತು. ಹುಣ್ಣಾಗುವವರೆಗೆ ಕಾಯಲಿಲ್ಲ. ಇದರಿಂದ ಅವರ ಸಾಧನೆ ಕಡಿಮೆಯೇನೂ ಆಗಲ್ಲ. ಆದರೆ ನಿಮ್ಮ "ಕಥೆ ಮುಗೀತು" ಅನ್ನೋದು ಇಲ್ಲೇ ಸಡಿಲವಾಗುತ್ತದೆ. ಈ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡುವ ಬಹುಪಾಲು ಜನರಿಗೆ ಜೀವಮಾನದಲ್ಲಿ ಹುಣ್ಣೇ ಆಗಲ್ಲ. ಕೆಲವರಿಗೆ ಮಾತ್ರ ಯಾಕೆ ಆಗುತ್ತದೆ? ಅಲ್ಲಿ ಸಿಗರೇಟು, ನೋವಿನ ಮಾತ್ರೆ, ಮೈಯ ಗುಣ, ಮತ್ತೆ ಒತ್ತಡ, ಎಲ್ಲವೂ ಕೈ ಹಾಕುತ್ತವೆ.

ಹಳೆ ಮನಶ್ಶಾಸ್ತ್ರದವರು ತುಂಬಾ ಅತಿ ಮಾಡಿದ್ದರು ಅನ್ನೋದನ್ನು ಒಪ್ಪುತ್ತೇನೆ. ಷಿಕಾಗೋದ ಫ್ರಾಂಜ್ ಅಲೆಕ್ಸಾಂಡರ್ ಅಲ್ಸರ್ ಅನ್ನು ಮನಸ್ಸಿನಿಂದ ಹುಟ್ಟುವ ಏಳು ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ರೋಗಿಗೆ ಒಳಗೊಳಗೆ ಇನ್ನೊಬ್ಬರ ಆಸರೆ ಬೇಕು, ಹೊರಗೆ ಗಟ್ಟಿಗನಂತೆ ಇರುತ್ತಾನೆ, ಅದಕ್ಕೇ ಹೊಟ್ಟೆ ಆಸಿಡ್ ಸುರಿಸುತ್ತದೆ ಅನ್ನುವ ವಿವರಣೆ. ಕೇಳಲು ಸೊಗಸಾಗಿದೆ, ಸಾಕ್ಷಿ ಕಡಿಮೆ. 1958ರ ಕೋತಿಗಳ ಪ್ರಯೋಗವೂ ಹಾಗೇ. ಅಮೆರಿಕದ ಜೋಸೆಫ್ ಬ್ರೇಡಿ ಜೋಡಿ ಕೋತಿಗಳನ್ನು ಕೂರಿಸಿ, ಶಾಕ್ ತಪ್ಪಿಸುವ ಸನ್ನೆಕೋಲನ್ನು ಒಂದರ ಕೈಗೆ ಕೊಟ್ಟರು. ಆ ಯಜಮಾನ ಕೋತಿಗೇ ಹುಣ್ಣಾಯ್ತು, ಆದ್ದರಿಂದ ಜವಾಬ್ದಾರಿ ಹೊತ್ತವರಿಗೆ ಅಲ್ಸರ್ ಅಂತ ಪತ್ರಿಕೆಗಳೆಲ್ಲ ಬರೆದವು. ಆದರೆ ಸನ್ನೆಕೋಲು ಒತ್ತುವುದನ್ನು ಬೇಗ ಕಲಿತ ಕೋತಿಗಳನ್ನೇ ಯಜಮಾನ ಮಾಡಿದ್ದರು, ಚೀಟಿ ಎತ್ತಿ ಆರಿಸಿರಲಿಲ್ಲ. ಆಮೇಲೆ ಜೇ ವೈಸ್ ಇಲಿಗಳ ಮೇಲೆ ಸರಿಯಾಗಿ ಮಾಡಿದಾಗ ಉಲ್ಟಾ ಬಂತು. ಕೈಯಲ್ಲಿ ಹಿಡಿತ ಇದ್ದ ಇಲಿಗೆ ಹುಣ್ಣು ಕಡಿಮೆ, ಏನೂ ಮಾಡಲಾಗದೆ ಕೂತಿದ್ದಕ್ಕೆ ಜಾಸ್ತಿ.

ಹಾಗಂತ ಒತ್ತಡದ ಪಾತ್ರವೇ ಇಲ್ಲ ಅಂತಲೂ ಹೇಳುವಂತಿಲ್ಲ. 1995ರಲ್ಲಿ ಕೋಬೆ ಭೂಕಂಪ ಆದಾಗ ಜಪಾನಿನ ಡಾಕ್ಟರುಗಳು ರಕ್ತ ಸುರಿಯುವ ಹೊಟ್ಟೆ ಹುಣ್ಣುಗಳು ಏರಿದ್ದನ್ನು ದಾಖಲಿಸಿದರು. 2011ರ ಭೂಕಂಪ, ಸುನಾಮಿ ಆದ ಮೇಲೆ ಸೆಂಡಾಯ್ ಕಡೆ ಬ್ಯಾಕ್ಟೀರಿಯಾವೂ ಇಲ್ಲದ, ನೋವಿನ ಮಾತ್ರೆಯೂ ನುಂಗದ ಜನರಲ್ಲಿ ಹುಣ್ಣುಗಳ ಪಾಲು ಹೆಚ್ಚಿತು. ಡೆನ್ಮಾರ್ಕಿನಲ್ಲಿ 3379 ಜನರ ಒತ್ತಡವನ್ನು ಮೊದಲೇ ಅಳೆದಿಟ್ಟುಕೊಂಡು ಹನ್ನೊಂದು ಹನ್ನೆರಡು ವರ್ಷ ನೋಡಿದರು. 2015ರಲ್ಲಿ ಪ್ರಕಟವಾಯ್ತು. ಒತ್ತಡ ಅತಿ ಕಡಿಮೆ ಇದ್ದ ಗುಂಪಿನಲ್ಲಿ 1.6 ಶೇಕಡಾ ಜನರಿಗೆ ಹುಣ್ಣಾಯ್ತು, ಅತಿ ಜಾಸ್ತಿ ಇದ್ದ ಗುಂಪಿನಲ್ಲಿ 3.5 ಶೇಕಡಾ. ಬ್ಯಾಕ್ಟೀರಿಯಾ ಇದ್ದವರಲ್ಲೂ ಇಲ್ಲದವರಲ್ಲೂ ಒತ್ತಡದ ಪರಿಣಾಮ ಹೆಚ್ಚುಕಡಿಮೆ ಒಂದೇ ಥರ. ಅಂದರೆ ಸುಮಾರು ಎರಡು ಪಟ್ಟು, ಆದರೂ ಒತ್ತಡ ಇದ್ದ ನೂರರಲ್ಲಿ ತೊಂಬತ್ತಾರು ಜನರಿಗೆ ಏನೂ ಆಗಿಲ್ಲ. ಎರಡೂ ಮಾತನ್ನು ಒಟ್ಟಿಗೆ ನೆನಪಿಟ್ಟುಕೊಂಡರೆ ಈ ಜಗಳ ಅರ್ಧ ಕಡಿಮೆಯಾಗುತ್ತದೆ.

ಮೈಸೂರು ಮಾತುಗಾರ

ಗ್ಯಾಸ್ಟ್ರೈಟಿಸ್ ಸರಿ, ಒಪ್ಪಿದೆ. ಆದರೆ ನನ್ನ ಪ್ರಶ್ನೆ ಹಾಗೇ ಇದೆಯಲ್ಲ. ಒತ್ತಡದಿಂದ ಸ್ವಲ್ಪ ಬರುತ್ತದೆ ಅಂತಲೇ ಇಟ್ಟುಕೊಳ್ಳೋಣ. ಥೆರಪಿಯಿಂದ ಹೋಗುತ್ತದೆ ಅಂತ ಯಾರಾದರೂ ತೋರಿಸಿದ್ದಾರಾ?

ಮ್ಯಾಂಚೆಸ್ಟರ್ ಮಳೆ

ನಾನು ಇರೋದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲೇ ಆದ್ದರಿಂದ ಹೇಳಬಹುದು. ಇಲ್ಲಿನ ಡಾಕ್ಟರ್ ಪೀಟರ್ ವೋರ್ವೆಲ್ ಮತ್ತು ಜೊತೆಗಾರರು 1988ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಡಿಯೋಡಿನಲ್ ಅಲ್ಸರ್ ಪದೇ ಪದೇ ಬರುತ್ತಿದ್ದ 30 ಜನ. ಮೊದಲು ರ್‍ಯಾನಿಟಿಡಿನ್ ಅನ್ನೋ ಆಸಿಡ್ ಇಳಿಸುವ ಮಾತ್ರೆ ಕೊಟ್ಟು ಹುಣ್ಣು ಮಾಯಿಸಿದರು. ಅರ್ಧ ಜನರಿಗೆ ಹೊಟ್ಟೆಯ ಮೇಲೇ ಗಮನ ಇಡುವ ಹಿಪ್ನೋಸಿಸ್, ಅಂದರೆ ಸಮ್ಮೋಹನ, ಮಾಡಿದರು, ಉಳಿದವರಿಗೆ ಇಲ್ಲ. ಮಾತ್ರೆ ನಿಲ್ಲಿಸಿ ಒಂದು ವರ್ಷ ನೋಡಿದರು. ಹಿಪ್ನೋಸಿಸ್ ಇಲ್ಲದ 15 ಜನರಿಗೂ ಹುಣ್ಣು ಮರಳಿತು. ಹಿಪ್ನೋಸಿಸ್ ಆದವರಲ್ಲಿ 8 ಜನರಿಗೆ ಮರಳಿತು.

ನಿಮಗೆ ಇಷ್ಟವಾಗುವ ಅಧ್ಯಯನವೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಾರ್ವೆಯವರು 1994ರಲ್ಲಿ ಕಾಗ್ನಿಟಿವ್ ಥೆರಪಿ, ಅಂದರೆ ಯೋಚನೆಯ ರೀತಿ ಬದಲಿಸುವ ಥೆರಪಿ, ಕೊಟ್ಟು ನೋಡಿದರು. ಹುಣ್ಣು ಮರಳುವುದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ನನಗನ್ನಿಸುವುದು ಇಷ್ಟೇ. ಹುಣ್ಣು ಮರಳದಂತೆ ತಡೆಯುವ ಕೆಲಸಕ್ಕೆ ಈಗ ಥೆರಪಿ ಬೇಕಿಲ್ಲ. ಬ್ಯಾಕ್ಟೀರಿಯಾ ಇದ್ದರೆ ಕಿಟ್, ನೋವಿನ ಮಾತ್ರೆ ಕಾರಣವಾದರೆ ಅದನ್ನು ಬಿಡುವುದು, ಆ ಕೆಲಸ ಅವು ಚೆನ್ನಾಗಿ ಮಾಡುತ್ತವೆ. ಅಲ್ಸರ್‌ಗೆ ಥೆರಪಿ ಅನ್ನೋ ಸಂಶೋಧನೆ ನಿಂತುಹೋಗಿದ್ದೂ ಅದಕ್ಕೇ. ಇಲ್ಲಿನ ಹಿಪ್ನೋಸಿಸ್ ಕೆಲಸವೆಲ್ಲ ಈಗ ಐಬಿಎಸ್, ಅಂದರೆ ಹುಣ್ಣಿಲ್ಲದೆಯೂ ಹೊಟ್ಟೆನೋವು, ಭೇದಿ, ಮಲಬದ್ಧತೆ ಕಾಡುವ ಕರುಳಿನ ತೊಂದರೆ, ಅದರ ಕಡೆ ಹೋಗಿದೆ. ಆದರೆ ಈ ಪೋಸ್ಟ್ ಹಾಕಿದವರು ಕೇಳಿದ್ದು ಹುಣ್ಣಿನ ಬಗ್ಗೆ ಅಲ್ಲವೇ ಅಲ್ಲ. ಅವರ ಹುಣ್ಣು ವಾಸಿಯಾಗಿದೆ. ಅವರು ಕೇಳುತ್ತಿರುವುದು ಭಯದ ಬಗ್ಗೆ. ಭಯಕ್ಕೆ ಯಾವ ಕಿಟ್ ಇದೆ ಹೇಳಿ?

ಶಿರಸಿ ತೋಟ

ಇಷ್ಟೆಲ್ಲ ಯಾಕೆ? ಬೆಳಿಗ್ಗೆ ಖಾಲಿ ಹೊಟ್ಟೆಗೆ ತಣ್ಣನೆ ಹಾಲು ಕುಡಿಯಿರಿ, ಮಧ್ಯಾಹ್ನ ಮಜ್ಜಿಗೆಗೆ ಜೀರಿಗೆ ಹಾಕಿ, ಮುರುಗಲು ಹಣ್ಣಿನ ಪಾನಕ ಮಾಡಿ. ನಮ್ಮ ಆಯಿ ಎಲ್ಲರ ಗ್ಯಾಸ್ಟ್ರಿಕ್ ಹೀಗೇ ಇಳಿಸುತ್ತಿದ್ದರು. ಜೊತೆಗೆ ಪ್ರಾಣಾಯಾಮ.

ಎಂಡೋಸ್ಕೋಪಿ ರೂಮಿನಿಂದ

ನರ್ಸ್ ನಾನು. ಹಾಲಿನ ಬಗ್ಗೆ ಒಂದು ಮಾತು. ಕುಡಿದ ಕೂಡಲೇ ತಂಪು ಅನ್ನಿಸುತ್ತದೆ ನಿಜ. ಆದರೆ ಹಾಲು ಸ್ವಲ್ಪ ಹೊತ್ತಿಗೆ ಆಸಿಡ್ ಇನ್ನೂ ಜಾಸ್ತಿ ಬರುವಂತೆ ಮಾಡುತ್ತದೆ. ಹಿಂದೆ ಅಲ್ಸರ್ ರೋಗಿಗಳಿಗೆ ಗಂಟೆಗೊಮ್ಮೆ ಹಾಲು ಕುಡಿಸುತ್ತಿದ್ದರು, ಈಗ ಯಾರೂ ಹೇಳಲ್ಲ. ಮಜ್ಜಿಗೆ, ಪಾನಕ ನಿಮ್ಮ ಇಷ್ಟ, ಔಷಧಿ ಅಂತ ನಂಬಿ ಕೂರಬೇಡಿ. ಪ್ರಾಣಾಯಾಮಕ್ಕೆ ನನ್ನ ಓಟು ಇದೆ, ಉಸಿರು ನಿಧಾನ ಮಾಡುವುದನ್ನು ಥೆರಪಿಯಲ್ಲೂ ಕಲಿಸುತ್ತಾರೆ.

ಖಾರ ತಿಂದರೆ ಹುಣ್ಣಾಗುತ್ತದೆ ಅನ್ನೋದಕ್ಕೂ ಆಧಾರ ಇಲ್ಲ. ಆದಾಗಲೇ ತಿಂದರೆ ಉರಿಯಬಹುದು, ಅದು ಬೇರೆ.

ಹರಿಹರದ ಸರ್, ನೀವು ಟಾರ್ಚ್ ಹಾಕಿ ನೋಡುವ ವಿಷಯ. ನಿಮಗೆ ಡಾಕ್ಟರು ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದಾರಾ? ಅದಕ್ಕೂ ಮಲ ಕಪ್ಪಾಗುತ್ತದೆ. ಕೆಲವು ಕಿಟ್‌ಗಳಲ್ಲಿ ಬಿಸ್ಮತ್ ಅನ್ನೋ ಔಷಧಿ ಇರುತ್ತದೆ, ಅದಕ್ಕೂ ಅಷ್ಟೇ. ಹುಣ್ಣಿನಿಂದ ರಕ್ತ ಹೋದಾಗಿನ ಕಪ್ಪು ಬೇರೆ, ಡಾಂಬರಿನ ಹಾಗೆ ಅಂಟಂಟು, ಕೆಟ್ಟ ವಾಸನೆ, ಜೊತೆಗೆ ತಲೆ ಸುತ್ತುತ್ತದೆ. ಅದಾದರೆ, ರಕ್ತ ಅಥವಾ ಕಾಫಿ ಗಸಿಯಂಥ ವಾಂತಿಯಾದರೆ, ಇದ್ದಕ್ಕಿದ್ದಂತೆ ಹೊಟ್ಟೆ ಹಲಗೆಯಂತೆ ಬಿಗಿದು ತಡೆಯಲಾಗದ ನೋವು ಬಂದರೆ ಸೈಕಾಲಜಿಸ್ಟೂ ಬೇಡ, ಇಲ್ಲಿ ಪೋಸ್ಟ್ ಹಾಕುತ್ತಾ ಕೂರುವುದೂ ಬೇಡ, ಎಮರ್ಜೆನ್ಸಿಗೆ ಹೋಗಿ. ತೂಕ ಇಳಿದದ್ದನ್ನು ಡಾಕ್ಟರಿಗೆ ಹೇಳಿದ್ದೀರಿ, ಅವರು ಮತ್ತೆ ಚೆಕ್ ಮಾಡಿದ್ದಾರೆ, ಅದು ಒಳ್ಳೆಯದಾಯ್ತು. ಎಷ್ಟೋ ಜನ ಆ ಮಾತನ್ನೇ ಬಿಟ್ಟುಬಿಡುತ್ತಾರೆ.

ಖಾರ ಕಾಣದ ಅಡುಗೆಮನೆ

ಇದನ್ನೆಲ್ಲ ಓದಿ ನಮ್ಮ ಮನೆಯವರದೇ ಕಥೆ ಅನ್ನಿಸಿತು, ಅದಕ್ಕೆ ಬರೆಯುತ್ತಿದ್ದೇನೆ. ಅವರಿಗೆ ಹುಣ್ಣು ಇದ್ದದ್ದು ಕೆಲವೇ ತಿಂಗಳು. ಅಲ್ಸರ್ ಪಥ್ಯ ಮಾತ್ರ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ನಡೆಯಿತು. ಒಗ್ಗರಣೆಗೆ ಸಾಸಿವೆ ಸಿಡಿದರೂ ಏನು ಹಾಕಿದೆ ಅಂತ ಕೇಳುತ್ತಿದ್ದರು. ಮಕ್ಕಳಿಗೆ ಉಪ್ಪಿನಕಾಯಿಯನ್ನು ಬಾಗಿಲ ಹಿಂದೆ ಕೊಡುತ್ತಿದ್ದೆ. ಬೇರೆ ಬೇರೆ ಅಡುಗೆ ಮಾಡಿ ಮಾಡಿ ನನಗೇ ಸಾಕಾಗಿ ಹೋಗಿತ್ತು. ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಇಲ್ಲಿ ಚುಚ್ಚುತ್ತಿದೆ, ಏನೂ ಆಗಲ್ಲ ಅಲ್ವಾ ಅಂತ ಕೇಳುವುದು. ಏನೂ ಆಗಲ್ಲ ರೀ ಮಲಗಿ ಅನ್ನುವುದು. ಹತ್ತು ನಿಮಿಷ ಸಮಾಧಾನ, ಮತ್ತೆ ಅದೇ ಪ್ರಶ್ನೆ.

ಥೆರಪಿಗೆ ಹೋದಾಗ ಎರಡನೇ ಸಲವೋ ಮೂರನೇ ಸಲವೋ ನನ್ನನ್ನೂ ಒಳಗೆ ಕರೆದರು. ಆ ಮೇಡಂ ನನಗೆ ಹೇಳಿದ್ದು ಮೊದಲಿಗೆ ಕಟುಕತನ ಅನ್ನಿಸಿತು. ಏನೂ ಆಗಲ್ಲ ಅಂತ ಪ್ರತಿ ಸಲ ಹೇಳುವುದನ್ನು ನಿಲ್ಲಿಸಿ ಅಂದರು. ನೀವು ಹೇಳಿದಷ್ಟೂ ಅವರಿಗೆ ಕೇಳುವ ಅಭ್ಯಾಸ ಬಲಿಯುತ್ತದೆ, ತಾವೇ ಸಮಾಧಾನ ಮಾಡಿಕೊಳ್ಳುವುದನ್ನು ಕಲಿಯಲ್ಲ ಅಂತ. ಅದರ ಬದಲು, ಭಯ ಆಗ್ತಿದೆ ಅಂತ ಗೊತ್ತಾಗ್ತಿದೆ, ಮೇಡಂ ಹೇಳಿದ ಹಾಗೆ ಉಸಿರು ತಗೊಳ್ಳೋಣ ಬನ್ನಿ ಅಂತ ಹೇಳಿ ಜೊತೆಗೆ ಕೂರಬೇಕು. ಮೊದಲ ವಾರ ಜಗಳವೇ ಆಯ್ತು. ನಿನಗೆ ಕಾಳಜಿ ಇಲ್ಲ ಅಂದರು. ನಾನೂ ಅತ್ತೆ. ಆಮೇಲೆ ನಿಧಾನಕ್ಕೆ ರಾತ್ರಿಯ ಎಬ್ಬಿಸಾಟ ಕಡಿಮೆಯಾಯ್ತು.

ಅಡುಗೆಗೆ ಒಂದು ಪಟ್ಟಿ ಮಾಡಿಸಿದರು. ಕಡಿಮೆ ಭಯ ಹುಟ್ಟಿಸುವ ತಿಂಡಿಯಿಂದ ಜಾಸ್ತಿ ಭಯದ್ದರವರೆಗೆ ಅವರೇ ಬರೆಯಬೇಕು. ತಿಳಿಸಾರು ಕೆಳಗೆ, ಉಪ್ಪಿಟ್ಟು ಅದರ ಮೇಲೆ, ಹೋಟೆಲ್ ಸಾಂಬಾರು, ಮೇಲ್ತುದಿಯಲ್ಲಿ ಮೆಣಸಿನಕಾಯಿ ಬಜ್ಜಿ. ಒಂದೊಂದೇ ತಿನ್ನಬೇಕು, ತಿನ್ನುವ ಮೊದಲು ಏನಾಗುತ್ತದೆ ಅಂತ ಭಯ ಇದೆಯೋ ಅದನ್ನು ಬರೆಯಬೇಕು, ಮಾರನೇ ದಿನ ನಿಜವಾಗಿ ಏನಾಯ್ತು ಅಂತ ಪಕ್ಕದಲ್ಲಿ ಬರೆಯಬೇಕು. ಆ ನೋಟ್‌ಬುಕ್ ಇನ್ನೂ ಇಟ್ಟುಕೊಂಡಿದ್ದಾರೆ. ಬಜ್ಜಿಯವರೆಗೆ ಇನ್ನೂ ಹೋಗಿಲ್ಲ. ಹೋಗಬೇಕು ಅಂತ ನನಗೂ ಹಟ ಇಲ್ಲ.

ಮಾತುಗಾರ ಸರ್, ಗಟ್ಟಿ ಮನಸ್ಸು ಮಾಡಿ ದೋಸೆ ತಿನ್ನಿ ಅಂತ ಅವರ ಅಣ್ಣನೂ ಹೇಳಿದ್ದರು. ತಿಂದರು, ಅವತ್ತು ರಾತ್ರಿ ಪೂರ್ತಿ ನಿದ್ದೆ ಮಾಡಲಿಲ್ಲ, ಆಮೇಲೆ ದೋಸೆ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರು.

ಸೈಕಾಲಜಿ ಓದಿದವಳು

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುತ್ತೇನೆ. ಮೇಲಿನ ಅಕ್ಕ ಹೇಳಿದ್ದೇ ಮುಕ್ಕಾಲು ಉತ್ತರ, ಉಳಿದದ್ದನ್ನು ಸೇರಿಸುತ್ತೇನೆ.

ಹರಿಹರದ ಸರ್, ಮೊದಲ ಸಲ ಹೋದಾಗ ನಿಮ್ಮ ಬಾಲ್ಯದ ಕಥೆ ಕೆದಕುತ್ತಾರೆ ಅಂತ ಹೆದರಬೇಡಿ. ನಾನಾದರೆ ಒಂದು ದಿನ ಹಿಡಿದುಕೊಳ್ಳುತ್ತೇನೆ. ಕಳೆದ ವಾರ ಹೊಟ್ಟೆ ತುಂಬಾ ಕಾಡಿದ ದಿನ ಯಾವುದು? ಬೆಳಿಗ್ಗೆಯಿಂದ ಹೇಳಿ. ಆಗ ಸಾಮಾನ್ಯವಾಗಿ ಒಂದು ಸುತ್ತು ಕಾಣುತ್ತದೆ. ಹೊಟ್ಟೆಯಲ್ಲಿ ಏನೋ ಆಯ್ತು, ಹುಣ್ಣು ಮರಳಿತು ಅನ್ನೋ ಯೋಚನೆ ಬಂತು, ಹೊಟ್ಟೆಯ ಸ್ನಾಯು ಬಿಗಿಯಿತು, ಉಸಿರು ಎದೆಯ ಮೇಲ್ಭಾಗಕ್ಕೆ ಏರಿತು, ಗಮನ ಪೂರ್ತಿ ಹೊಟ್ಟೆಯ ಮೇಲೆ ನಿಂತಿತು, ಗಮನ ನಿಂತಷ್ಟೂ ಸಣ್ಣ ಮಿಡಿತವೂ ದೊಡ್ಡದಾಗಿ ಕೇಳಿತು, ಭಯಕ್ಕೆ ಮಧ್ಯಾಹ್ನದ ಊಟ ಬಿಟ್ಟರು, ಸಂಜೆ ಹಸಿದ ಹೊಟ್ಟೆ ಉರಿಯಿತು, ನೋಡಿದಿರಾ ಹುಣ್ಣೇ ಅಂತ ತೀರ್ಮಾನ ಆಯ್ತು. ಇದರಲ್ಲಿ ಒಂದೂ ನಾಟಕ ಅಲ್ಲ, ನೋವು ನಿಜ. ಒಂದು ಸಲ ಹುಣ್ಣಾಗಿ ಬಳಲಿದ ಹೊಟ್ಟೆಯ ನರಗಳು ಮಾಯ್ದ ಮೇಲೂ ಸೂಕ್ಷ್ಮವಾಗಿರಬಹುದು. ಮಿದುಳು ಆ ಸುದ್ದಿಯನ್ನು ಅಪಾಯ ಅಂತ ಓದುತ್ತದೆ. ಸಿಬಿಟಿ ಅನ್ನುವ, ಯೋಚನೆ ಮತ್ತು ನಡವಳಿಕೆ ಎರಡನ್ನೂ ಬದಲಿಸುವ ಥೆರಪಿ ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಲು ನೋಡುತ್ತದೆ. ಕೆಲವರಿಗೆ ಯೋಚನೆಯ ಹತ್ತಿರ ಮುರಿಯುತ್ತದೆ, ಕೆಲವರಿಗೆ ಊಟದ ಹತ್ತಿರ, ಕೆಲವರಿಗೆ ಉಸಿರಿನ ಹತ್ತಿರ.

ಟಾರ್ಚ್ ವಿಷಯಕ್ಕೆ ನಾನು ಒಮ್ಮೆಗೇ ಬಿಡಿ ಅನ್ನಲ್ಲ. ನರ್ಸ್ ಹೇಳಿದ ಗುರುತುಗಳನ್ನು ಡಾಕ್ಟರ ಹತ್ತಿರವೇ ಖಚಿತ ಮಾಡಿಕೊಂಡು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ ಅನ್ನುತ್ತೇನೆ. ಚೀಟಿಯಲ್ಲಿದ್ದದ್ದು ಆದರೆ ಆಸ್ಪತ್ರೆಗೆ. ಇಲ್ಲದಿದ್ದರೆ ನೋಡುವುದನ್ನು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು. ಕೈ ತಡೆದುಕೊಂಡಾಗ ಭಯ ಮೊದಲು ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಆ ಇಳಿಯುವುದನ್ನು ನೀವೇ ನೋಡಬೇಕು, ನಾನು ಎಷ್ಟು ಹೇಳಿದರೂ ಪ್ರಯೋಜನ ಇಲ್ಲ.

ಉಸಿರಾಟ, ಮೈ ಸಡಿಲಿಸುವುದು, ನಿದ್ದೆ ಸರಿಪಡಿಸುವುದು, ಕೆಲಸದ ಟಾರ್ಗೆಟ್ ತಲೆ ತಿನ್ನುತ್ತಿದ್ದರೆ ಅದರಲ್ಲಿ ಬದಲಾಯಿಸಬಹುದಾದ್ದು ಏನು ಅಂತ ಕೂತು ನೋಡುವುದು, ಇವೂ ಇರುತ್ತವೆ. ಸಾಮಾನ್ಯವಾಗಿ ಆರರಿಂದ ಹನ್ನೆರಡು ಸಲ ಕೂರಬೇಕಾಗುತ್ತದೆ. ಮನೆಯಲ್ಲಿ ಮಾಡುವ ಕೆಲಸ ಕೊಡುತ್ತಾರೆ, ಅದನ್ನು ಮಾಡದೆ ಬರೀ ಬಂದು ಮಾತಾಡಿ ಹೋದರೆ ಜಾಸ್ತಿ ಬದಲಾವಣೆ ನಿರೀಕ್ಷಿಸಬೇಡಿ. ಹುಣ್ಣು ಇನ್ನೂ ಇರುವವರು ಬಂದರೆ ನಾನು ಮೊದಲು ಕೇಳುವುದು ಮಾತ್ರೆ ಸರಿಯಾಗಿ ತಗೊಳ್ಳುತ್ತಿದ್ದೀರಾ ಅಂತ. ಮಾತ್ರೆ ಬಿಟ್ಟು ಥೆರಪಿ ಮಾಡೋಣ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ.

ಗಿರಮಿಟ್ ಪ್ರಿಯ

ಕೊನೆಯ ಸಾಲಿಗೆ ಕೈ ಮುಗಿದೆ. ನನಗೆ ಒಂದು ಕಡೆ ಹಿಪ್ನೋಸಿಸ್ ಪ್ಯಾಕೇಜ್ ಅಂತ ಮೊದಲೇ ಪೂರ್ತಿ ದುಡ್ಡು ಕಟ್ಟಿಸಿಕೊಂಡರು. ಅಲ್ಸರ್ ಬೇರುಸಹಿತ ಹೋಗುತ್ತದೆ, ಮಾತ್ರೆ ಬಿಡಿ ಅಂದರು. ಸರ್ಟಿಫಿಕೇಟ್ ಕೇಳಿದರೆ ಗೋಡೆ ತೋರಿಸಿದರು. ಅಲ್ಲಿದ್ದದ್ದು ಎರಡು ದಿನದ ಕೋರ್ಸಿನದು. ಹೆಸರು ಹೇಳಲ್ಲ, ಜಗಳ ಬೇಡ. ಸರಿಯಾದವರನ್ನು ಹುಡುಕೋದು ಹೇಗೆ?

ಸೈಕಾಲಜಿ ಓದಿದವಳು

ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇರಬೇಕು. ಸಂಖ್ಯೆ ಕೇಳಿ. ಕೇಳಿದರೆ ಸಿಟ್ಟು ಮಾಡಿಕೊಳ್ಳುವವರು ಬೇಡ. ಹಿಪ್ನೋಸಿಸ್ ಕೂಡ ಕಲಿತವರು ಮಾಡಿದರೆ ಒಳ್ಳೆಯ ವಿಧಾನವೇ, ಆದರೆ ಗುಣ ಮಾಡುತ್ತೇನೆ ಅಂತ ಗ್ಯಾರಂಟಿ ಕೊಡುವವರನ್ನು ನಂಬಬೇಡಿ.

ಅಪ್ಪನ ಮಗಳು

ಮಧ್ಯೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ಅಪ್ಪನಿಗೆ ಹಾರ್ಟ್ ಸಲುವಾಗಿ ದಿನಾ ಆಸ್ಪಿರಿನ್. ಹಿಂದೆ ಹೊಟ್ಟೆ ಹುಣ್ಣಾಗಿತ್ತು. ಈಗ ಮಂಕಾಗಿ ಕೂರುತ್ತಾರೆ ಅಂತ ಸೈಕಿಯಾಟ್ರಿಸ್ಟ್ ಎಸ್ಸಿಟಾಲೋಪ್ರಾಮ್ ಅನ್ನೋ ಖಿನ್ನತೆಯ ಮಾತ್ರೆ ಶುರು ಮಾಡಿದ್ದಾರೆ. ತೊಂದರೆ ಇದೆಯಾ?

ಮೆಡಿಕಲ್ ಅಂಗಡಿ ರಾಯರು

ಕೇಳಿದ್ದು ಒಳ್ಳೆಯದಾಯ್ತು ಅಮ್ಮ. ಆ ಜಾತಿಯ ಮಾತ್ರೆಗಳು, ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್, ಫ್ಲೂಆಕ್ಸೆಟಿನ್, ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆಯನ್ನು ಸ್ವಲ್ಪ ಹೆಚ್ಚಿಸುತ್ತವೆ. ಆಸ್ಪಿರಿನ್ ಅಥವಾ ನೋವಿನ ಮಾತ್ರೆ ಜೊತೆಗಿದ್ದರೆ ಇನ್ನೂ ಜಾಸ್ತಿ. ಹಳೆ ಹುಣ್ಣಿನ ವಿಷಯ ಆ ಸೈಕಿಯಾಟ್ರಿಸ್ಟಿಗೆ ಗೊತ್ತಿದೆಯಾ ಅಂತ ನಾಳೆಯೇ ಫೋನ್ ಮಾಡಿ ಹೇಳಿ. ಹೊಟ್ಟೆ ಕಾಯಲು ಪ್ಯಾಂಟೊಪ್ರಜೋಲ್ ಥರದ್ದು ಸೇರಿಸಬಹುದು, ಇಲ್ಲ ಮಾತ್ರೆ ಬದಲಾಯಿಸಬಹುದು, ಅದು ಅವರ ತೀರ್ಮಾನ. ಆಸ್ಪಿರಿನ್, ಎಸ್ಸಿಟಾಲೋಪ್ರಾಮ್ ಎರಡರಲ್ಲಿ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಆಸ್ಪಿರಿನ್ ನಿಲ್ಲಿಸಿ ಹಾರ್ಟ್ ಕೈ ಕೊಟ್ಟರೆ ಕಷ್ಟ.

ಇನ್ನೊಂದು ಎಲ್ಲರಿಗೂ. ಗ್ಯಾಸ್ಟ್ರಿಕ್ ಮಾತ್ರೆ ಅಂತ ನುಂಗುವುದರಲ್ಲಿ ರ್‍ಯಾಬೆಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಸೇರಿಸಿದ ಕ್ಯಾಪ್ಸೂಲ್ ತುಂಬಾ ಓಡುತ್ತದೆ. ಲೆವೊಸಲ್ಪಿರೈಡ್ ಮಿದುಳಿನ ಮೇಲೂ ಕೆಲಸ ಮಾಡುತ್ತದೆ. ಡಾಕ್ಟರು ಕೆಲವು ದಿನಕ್ಕೆ ಬರೆದದ್ದನ್ನು ತಿಂಗಳುಗಟ್ಟಲೆ ನುಂಗುತ್ತಾರೆ. ಕೈ ನಡುಕ, ಹೆಂಗಸರಿಗೆ ಮುಟ್ಟು ನಿಲ್ಲುವುದು, ಎದೆಯಲ್ಲಿ ಹಾಲು ಬರುವುದು, ಇವೆಲ್ಲ ಆಗಬಹುದು. ಸ್ಟ್ರಿಪ್ಪಿನ ಹಿಂದೆ ಒಂದು ಸಲ ಓದಿ.

ಮೈಸೂರು ಮಾತುಗಾರ

ಅಡುಗೆಮನೆ ಮೇಡಂ, ದೋಸೆ ಮಾತು ವಾಪಸ್. ಆದರೆ ನನ್ನ ಒಂದು ಆಕ್ಷೇಪ ಉಳಿದಿದೆ. ಹೊಟ್ಟೆ ನೋವು ಅಂದ ತಕ್ಷಣ ಎಂಡೋಸ್ಕೋಪಿನೂ ಮಾಡದೆ ನಿಮಗೆ ಟೆನ್ಶನ್ ಅಂತ ಕಳಿಸುವ ಡಾಕ್ಟರುಗಳೂ ಇದ್ದಾರೆ, ಹೆಂಗಸರಿಗಂತೂ ಜಾಸ್ತಿ. ಮನಸ್ಸಿನ ಮಾತು ಜೋರಾದರೆ ಅವರಿಗೆ ಅನುಕೂಲ ಆಗುತ್ತದೆ.

ಎಂಡೋಸ್ಕೋಪಿ ರೂಮಿನಿಂದ

ಇದು ಖಂಡಿತ ನಿಜ. ವಯಸ್ಸಾದವರಿಗೆ, ರಕ್ತಹೀನತೆ ಇದ್ದವರಿಗೆ, ತೂಕ ಇಳಿದವರಿಗೆ, ನುಂಗಲು ಕಷ್ಟ ಆಗುವವರಿಗೆ ಮೊದಲು ಒಳಗೆ ನೋಡಲೇಬೇಕು. ಆಮೇಲೆ ಉಳಿದದ್ದು. ಹರಿಹರದ ಸರ್‌ಗೆ ಆ ಕೆಲಸ ಆಗಿದೆ, ಅದಕ್ಕೇ ನಾವೆಲ್ಲ ಧೈರ್ಯವಾಗಿ ಥೆರಪಿ ಅನ್ನುತ್ತಿರೋದು.

ಬೆಣ್ಣೆದೋಸೆ ಬಿಟ್ಟವನು

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಅಡುಗೆಮನೆ ಅಕ್ಕನ ಪೋಸ್ಟನ್ನು ನನ್ನ ಹೆಂಡತಿಗೆ ಓದಿಸಿದೆ. ಓದಿ, ಏನೂ ಮಾತಾಡದೆ, ಫೋನ್ ವಾಪಸ್ ಕೊಟ್ಟು, ನಾನೂ ಬರುತ್ತೇನೆ ಅಂದಳು.

ನರ್ಸ್ ಮೇಡಂ, ಹೌದು, ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದಾರೆ. ಯಾರೂ ಹೇಳಿರಲಿಲ್ಲ!

ದುಡ್ಡಿನ ವಿಷಯ ಮಾತ್ರ ಯಾರೂ ಹೇಳಲಿಲ್ಲ. ಬೆಂಗಳೂರಿಗೆ ವಾರ ವಾರ ಓಡಾಡೋಕೆ ಆಗಲ್ಲ.

ಗಿರಮಿಟ್ ಪ್ರಿಯ

ಬೆಂಗಳೂರಿಗೆ ಯಾಕ್ರೀ? ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ, ಸರ್ಕಾರಿ, ಖರ್ಚು ಕಡಿಮೆ, ನಿಮ್ಮೂರಿಂದ ರೈಲು ಇದೆ. ನಾನು ಈಗ ಅಲ್ಲೇ ಹೋಗುತ್ತಿದ್ದೇನೆ. ಕಾಯಬೇಕು, ತಾಳ್ಮೆ ಇರಲಿ. ಖಾಸಗಿಯಲ್ಲಿ ನಮ್ಮ ಕಡೆ ಒಂದು ಸಲ ಕೂತು ಎದ್ದರೆ ಸಾವಿರದ ಆಚೆ ಈಚೆ ಆಗುತ್ತದೆ.

ಸೈಕಾಲಜಿ ಓದಿದವಳು

ಅದಕ್ಕೂ ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಮನೋಚೈತನ್ಯ ಅನ್ನೋ ಸರ್ಕಾರಿ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಅಲ್ಲಿ ಒಂದು ಗಂಟೆ ಕೂರಿಸಿ ಥೆರಪಿ ಮಾಡುವಷ್ಟು ಹೊತ್ತು ಇರಲ್ಲ, ಆದರೆ ಪರೀಕ್ಷೆ ಮಾಡಿ ಎಲ್ಲಿಗೆ ಹೋಗಬೇಕು ಅಂತ ಬರೆದುಕೊಡುತ್ತಾರೆ. ಹೊರಡೋಕೆ ಮನಸ್ಸೇ ಬರದಿದ್ದರೆ ಟೆಲಿಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ. ಎಲ್ಲಿಗೆ ಹೋದರೂ ಎಂಡೋಸ್ಕೋಪಿ ರಿಪೋರ್ಟ್, ಕಿಟ್ ಆದ ಮೇಲಿನ ಟೆಸ್ಟ್, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ತಗೊಂಡು ಹೋಗಿ.

ಬೆಣ್ಣೆದೋಸೆ ಬಿಟ್ಟವನು

ಮಂಗಳವಾರಕ್ಕೆ ಅರ್ಧ ದಿನ ರಜೆ ಕೇಳಿದ್ದೇನೆ. ಹರಿಹರದವರು ಯಾರಾದರೂ ಇದ್ದರೆ ಹೇಳಿ, ಚೀಟಿ ಮಾಡಿಸೋಕೆ ಎಷ್ಟು ಗಂಟೆಗೆ ಹೋಗಬೇಕು?

ತುಂಗಭದ್ರೆ ದಂಡೆ

ಓಪಿಡಿ ಚೀಟಿ ಕೌಂಟರ್ ಮುಂದೆ ಬೆಳಿಗ್ಗೆಯೇ ಸಾಲು ಇರುತ್ತದೆ ಅಣ್ಣ, ಒಂಬತ್ತಕ್ಕೆ ಮೊದಲೇ ಹೋಗಿ. ಆಧಾರ್ ಇಟ್ಟುಕೊಳ್ಳಿ. ತಿಂಡಿ ತಿಂದುಕೊಂಡು ಹೋಗಿ, ಮಧ್ಯಾಹ್ನ ಆಗಬಹುದು.